ಗ್ಲೌಸ್ ತೂತಾಗಿಲ್ಲ, ಆದರೂ ಬೆರಳು ತಣ್ಣಗಾಗ್ತಿದೆಯಾ?

ಪರಿಚಯದವರೊಬ್ಬರು ನೆಲಕ್ಕೆ ಮೆತ್ತಿಕೊಂಡಿದ್ದ ಎಪಾಕ್ಸಿ ಅಂಟನ್ನು ಅಸಿಟೋನ್ ಹಾಕಿ ಒರೆಸುತ್ತಿದ್ದರು. ಕೈಯಲ್ಲಿ ತೆಳ್ಳಗಿನ ನೀಲಿ ಗ್ಲೌಸ್. ಸ್ವಲ್ಪ ಹೊತ್ತಿಗೇ ‘ಬೆರಳೆಲ್ಲ ತಣ್ಣಗಾಗ್ತಿದೆ’ ಅಂದರು. ಗ್ಲೌಸಿನ ತುದಿ ಉಬ್ಬಿ, ನೀರಲ್ಲಿ ನೆನೆದ ಚರ್ಮದ ಹಾಗೆ ಸುಕ್ಕಾಗಿತ್ತು. ತೆಗೆಯಿರಿ ಅಂದರೆ, ‘ಎಲ್ಲೂ ಹರಿದಿಲ್ಲವಲ್ಲ?’ ಎಂಬ ಉತ್ತರ.

ಜನ ಎಡವುವುದು ಇಲ್ಲೇ. ಸಾಲ್ವೆಂಟ್ (ಅಸಿಟೋನ್, ಥಿನ್ನರ್‌ನಂಥ ಕರಗಿಸುವ ದ್ರವ) ಒಳಗೆ ಬರಲು ತೂತು ಬೇಕಿಲ್ಲ. ರಬ್ಬರಿನೊಳಗೇ ಇಂಗಿ, ಆ ಕಡೆಯಿಂದ ಆವಿಯಾಗಿ ಹೊರಡುತ್ತದೆ. ಹಾಗೆ ಒಳಗೆ ಸೇರಿದ್ದಕ್ಕೆ ಹಾರಿಹೋಗಲು ದಾರಿಯಿಲ್ಲ, ಚರ್ಮಕ್ಕೇ ಒತ್ತಿಕೊಂಡಿರುತ್ತದೆ.

ಹಂತ 1: ಡಬ್ಬದಲ್ಲಿ ಏನಿದೆ ಎಂದು ತಿಳಿಯಿರಿ

‘ಥಿನ್ನರ್’ ಎನ್ನುವುದು ಒಂದೇ ವಸ್ತುವಿನ ಹೆಸರಲ್ಲ. ಅದರಲ್ಲಿ ಟೊಲ್ವೀನ್, ಅಸಿಟೋನ್, ಅಸಿಟೇಟ್ ಹೀಗೆ ಹಲವು ಸಾಲ್ವೆಂಟ್ ಬೆರೆತಿರಬಹುದು. ತಯಾರಕರ ಸೇಫ್ಟಿ ಡೇಟಾ ಶೀಟ್ (ಸುರಕ್ಷತಾ ಮಾಹಿತಿ ಪತ್ರ) ತೆಗೆದು 3ನೇ ವಿಭಾಗ ನೋಡಿ, ಏನೇನಿದೆ ಎಂದು ಅಲ್ಲಿರುತ್ತದೆ. 8ನೇ ವಿಭಾಗದಲ್ಲಿ ಯಾವ ಗ್ಲೌಸ್ ಎಂದು ಹೇಳಬೇಕು. ‘ಸೂಕ್ತ ಗ್ಲೌಸ್ ಧರಿಸಿ’ ಎಂದಷ್ಟೇ ಬರೆದು ಕೈತೊಳೆದುಕೊಂಡ ಶೀಟ್‌ಗಳನ್ನೂ ನೋಡಿದ್ದೇನೆ.

ಹಂತ 2: ಯಾವ ರಬ್ಬರ್?

ಇಲ್ಲಿ ಅವಸರ ಬೇಡ. ಎಲ್ಲದಕ್ಕೂ ಆಗುವ ಒಂದು ರಬ್ಬರ್ ಇಲ್ಲ. ಬಣ್ಣ ನೋಡಿ ನಿರ್ಧರಿಸಲೂಬೇಡಿ. ಹಸಿರು ನೈಟ್ರೈಲೂ (ಒಂದು ಕೃತಕ ರಬ್ಬರ್) ಇದೆ, ಹಸಿರು ಪಿವಿಸಿಯೂ (ಪ್ಲಾಸ್ಟಿಕ್) ಇದೆ.

ಸೀಮೆಎಣ್ಣೆ, ಪೆಟ್ರೋಲ್, ಮಿನರಲ್ ಟರ್ಪೆಂಟೈನ್, ಗ್ರೀಸ್ ಇವಕ್ಕೆ ದಪ್ಪ ನೈಟ್ರೈಲ್ ಚೆನ್ನ. ಅಸಿಟೋನ್, ಅದರಂಥದೇ ಸಾಲ್ವೆಂಟ್ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ಮುಂದೆ ಅದೇ ನೈಟ್ರೈಲ್ ಸೋಲುತ್ತದೆ. ಅವಕ್ಕೆ ಬೇಕಾದ್ದು ಬ್ಯೂಟೈಲ್ ರಬ್ಬರ್. ದಪ್ಪ ಬ್ಯೂಟೈಲ್ ಅಸಿಟೋನನ್ನು ಗಂಟೆಗಟ್ಟಲೆ ತಡೆಯುತ್ತದೆ. ಆದರೆ ಪೆಟ್ರೋಲ್, ಟೊಲ್ವೀನ್‌ಗೆ ಬ್ಯೂಟೈಲ್ ಹಾಕಿದರೆ ಉಬ್ಬಿ ಕೆಡುತ್ತದೆ. ಟೊಲ್ವೀನ್, ಕ್ಸೈಲೀನ್‌ಗೆ ವೈಟಾನ್ ಎಂಬ ರಬ್ಬರ್ ಒಳ್ಳೆಯದು, ಅಸಿಟೋನ್‌ಗೆ ಅದೂ ಆಗದು. ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) ಗ್ಲೌಸ್ ಡೈಕ್ಲೋರೋಮೀಥೇನ್ ಎಂಬ ಸಾಲ್ವೆಂಟ್‌ನಂಥ ಖದೀಮನನ್ನೂ ತಡೆಯುತ್ತದೆ, ಆದರೆ ನೀರು ತಾಗಿದರೆ ತಾನೇ ಕರಗುತ್ತದೆ. ನಗಬೇಡಿ, ನಿಜ.

ಹಾಗಾದರೆ ಎಲ್ಲ ಬೆರೆತ ಥಿನ್ನರ್‌ಗೆ? ನಾನು ಬಳಸುವುದು ಪದರ ಪದರವಾಗಿ ಮಾಡಿದ ಲ್ಯಾಮಿನೇಟ್ ಫಿಲ್ಮ್ ಗ್ಲೌಸ್. ಪ್ಲಾಸ್ಟಿಕ್ ಚೀಲದಲ್ಲಿ ಕೈ ಹಾಕಿದಂತಿರುತ್ತದೆ, ಸ್ಕ್ರೂ ಹಿಡಿಯಲು ಬರುವುದಿಲ್ಲ. ಅದರ ಮೇಲೆ ಬಿಗಿಯಾದ ನೈಟ್ರೈಲ್ ಎಳೆದುಕೊಂಡರೆ ಹಿಡಿತ ಸಿಗುತ್ತದೆ. ತಡೆಯುವ ಕೆಲಸ ಒಳಗಿನದ್ದು, ಹಿಡಿಯುವ ಕೆಲಸ ಹೊರಗಿನದ್ದು.

ಅಸಿಟೋನ್‌ಗೆ ಎರಡು ತೆಳು ನೈಟ್ರೈಲ್ ಒಂದರ ಮೇಲೊಂದು ಹಾಕುವವರೂ ಇದ್ದಾರೆ. ಸುಮ್ನೆ ದಂಡ. ಬಳಸಿ ಬಿಸಾಡುವ ನೈಟ್ರೈಲ್ ಇರುವುದೇ ಸುಮಾರು 0.1 ಮಿಲಿಮೀಟರ್ ದಪ್ಪ. ಅದು ಹನಿ ಸಿಡಿದರೆ ತಕ್ಷಣ ಬಿಚ್ಚಿ ಎಸೆಯಲು ಇರುವುದು, ಅದ್ದಿ ಕೆಲಸ ಮಾಡಲು ಅಲ್ಲ. ಒಳಗೆ ಹತ್ತಿಬಟ್ಟೆ ಇರುವ ಗ್ಲೌಸನ್ನೂ ನಾನು ಇಂಥ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಒಳಗೆ ಹೋದದ್ದನ್ನು ಬಟ್ಟೆ ಹೀರಿಟ್ಟುಕೊಳ್ಳುತ್ತದೆ.

ಲೇಟೆಕ್ಸ್ (ಮರದ ಹಾಲಿನಿಂದಾಗುವ ರಬ್ಬರ್) ಸಾಕು ಅನ್ನುವವರಿಗೆ ಒಂದು ಮಾತು. 1996ರ ಆಗಸ್ಟ್‌ನಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ರಸಾಯನ ವಿಜ್ಞಾನಿ ಕ್ಯಾರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ ಗ್ಲೌಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷದ ಕೆಲವೇ ಹನಿ ಬಿತ್ತು. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆಮೇಲೆ ಪರೀಕ್ಷಿಸಿದಾಗ, ಆ ವಿಷಕ್ಕೆ ಅಂಥ ಗ್ಲೌಸ್ ದಾಟಲು 15 ಸೆಕೆಂಡ್ ಸಾಕು ಎಂದು ಗೊತ್ತಾಯಿತು. ನಿಮ್ಮ ಥಿನ್ನರ್ ಅಷ್ಟು ಭೀಕರವಲ್ಲ, ನಿಜ. ದಾಟುವ ರೀತಿ ಮಾತ್ರ ಅದೇ.

ಹಂತ 3: ಎಷ್ಟು ಹೊತ್ತು ತಡೆಯುತ್ತದೆ?

ಪೊಟ್ಟಣದ ಮೇಲೆ ಇಎನ್ ಐಎಸ್‌ಒ 374-1 (ರಾಸಾಯನಿಕ ತಡೆಯುವ ಗ್ಲೌಸ್‌ಗಳ ಮಾನದಂಡ) ಎಂದಿದೆಯೇ ನೋಡಿ. ಪಕ್ಕದ ಫ್ಲಾಸ್ಕ್ ಚಿತ್ರದ ಕೆಳಗಿನ ಅಕ್ಷರಗಳಲ್ಲಿ ಬಿ ಅಂದರೆ ಅಸಿಟೋನ್, ಡಿ ಅಂದರೆ ಡೈಕ್ಲೋರೋಮೀಥೇನ್, ಎಫ್ ಅಂದರೆ ಟೊಲ್ವೀನ್. ಟೈಪ್ ಎ ಎಂದಿದ್ದರೆ ಕನಿಷ್ಠ 6 ರಾಸಾಯನಿಕಗಳನ್ನು ತಲಾ 30 ನಿಮಿಷವಾದರೂ ತಡೆದಿದೆ ಎಂದರ್ಥ. ಆ ಆರರಲ್ಲಿ ನಿಮ್ಮದು ಇಲ್ಲದಿದ್ದರೆ ಆ ‘ಎ’ಯಿಂದ ನಿಮಗೇನೂ ಪ್ರಯೋಜನವಿಲ್ಲ, ಅಲ್ವಾ? ತಯಾರಕರ ಪಟ್ಟಿಯಲ್ಲಿ ನಿಮ್ಮ ಸಾಲ್ವೆಂಟ್‌ಗೆ ಕೊಟ್ಟಿರುವ ನಿಮಿಷಗಳನ್ನೇ ಹುಡುಕಿ. ನಾನು ಅದರ ಅರ್ಧವನ್ನಷ್ಟೇ ನಂಬುತ್ತೇನೆ. ಕೈಯ ಬಿಸಿಗೆ, ಗೆಣ್ಣಿನ ಬಳಿ ರಬ್ಬರ್ ಹಿಗ್ಗಿ ತೆಳ್ಳಗಾಗುವುದಕ್ಕೆ, ಸಾಲ್ವೆಂಟ್ ಬೇಗ ದಾಟುತ್ತದೆ.

ಹಂತ 4: ಉಳಿದದ್ದು

ಅಳತೆ ಸರಿಯಿರಲಿ. ಹಾಕುವ ಮೊದಲು ಗಾಳಿ ತುಂಬಿ, ಬಾಯಿ ಸುತ್ತಿ ಹಿಡಿದು, ಸೋರುತ್ತದೆಯೇ ನೋಡಿ. ಕೈ ಮೇಲೆತ್ತಿ ಮಾಡುವ ಕೆಲಸವಾದರೆ ಅಂಚನ್ನು ಹೊರಕ್ಕೆ ಮಡಚಿ, ಹನಿ ತೋಳಿಗೆ ಇಳಿಯುವುದಿಲ್ಲ. ತಿರುಗುವ ಯಂತ್ರದ ಹತ್ತಿರ ಗ್ಲೌಸೇ ಬೇಡ.

ಬಿಚ್ಚುವಾಗ ಹಲ್ಲಿನಿಂದ ಎಳೆಯುವವರನ್ನು ಕಂಡಿದ್ದೇನೆ! ಮಣಿಕಟ್ಟಿನ ಬಳಿ ಹೊರಗಿನಿಂದ ಚಿವುಟಿ ಹಿಡಿದು, ಒಳಗು ಹೊರಗಾಗುವಂತೆ ಸುಲಿಯಿರಿ. ಇನ್ನೊಂದಕ್ಕೆ ಬರಿ ಬೆರಳನ್ನು ಅಂಚಿನ ಒಳಗಿನಿಂದ ತೂರಿಸಿ ಸುಲಿಯಿರಿ.

ಒಣಗಿಸಿ ನಾಳೆಗೆ ಇಟ್ಟುಕೊಳ್ಳೋಣ ಅನ್ನಿಸುತ್ತದೆ. ಹೊರಗೆ ಒಣಗಿ ಕಂಡರೂ ರಬ್ಬರಿಗೆ ಇಂಗಿದ್ದು ರಾತ್ರಿಯಿಡೀ ಒಳಮುಖಕ್ಕೆ ಸರಿಯುತ್ತಲೇ ಇರುತ್ತದೆ. ಬೆಳಿಗ್ಗೆ ಕೈ ಹಾಕಿದರೆ ಅದು ಅಲ್ಲೇ ಕಾದಿರುತ್ತದೆ. ಅದಕ್ಕೇ ನಾನು ಹಾಕಿಕೊಂಡ ಹೊತ್ತನ್ನು ಅಂಚಿನ ಮೇಲೆ ಮಾರ್ಕರ್‌ನಲ್ಲಿ ಬರೆಯುತ್ತೇನೆ. ಹೊತ್ತು ಮುಗಿದದ್ದು ಮುಚ್ಚಳವಿರುವ ಲೋಹದ ಡಬ್ಬಕ್ಕೆ ಹೋಗುತ್ತದೆ.