ಇಂಗ್ಲೆಂಡಿಗೆ ಹೊರಟ ನಮ್ಮೂರಿನವರಿಗೆ, ಅಡುಗೆಮನೆ ಖರ್ಚಿನ ಬಗ್ಗೆ

ರಜೆಗೆ ಶಿರಸಿಗೆ ಬಂದಿದ್ದೇನೆ. ನಿನ್ನೆ ಪಕ್ಕದ ಮನೆಯ ಹುಡುಗ ಹೆಂಡತಿ, ಮಗಳ ಜೊತೆ ಬಂದಿದ್ದ. ಮುಂದಿನ ತಿಂಗಳು ಇಂಗ್ಲೆಂಡಿಗೆ ಹೊರಡುತ್ತಾರೆ. "ಅಕ್ಕಾ, ಪೆಟ್ಟಿಗೆಯಲ್ಲಿ ಏನೇನು ತುಂಬಲಿ?" ಎಂದು ಅವನ ಹೆಂಡತಿ ಕೇಳಿದಳು. ನಾನು ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ 12 ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಅಕ್ಕಿ, ಬೇಳೆ ಹೊರಬೇಡಿ. ನಮ್ಮ ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯಂಥ ಕಡೆ ಭಾರತದ ಅಂಗಡಿಗಳಲ್ಲಿ 10 ಕಿಲೋ ಚೀಲವೇ ಸಿಗುತ್ತದೆ. ಸಣ್ಣ ಪ್ಯಾಕೆಟ್‌ಗಿಂತ ಅದೇ ಅಗ್ಗ. ತುಪ್ಪ, ಪೇಡೆ ಬೇಡವೇ ಬೇಡ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಲು ಅಲ್ಲಿ ಬಿಡುವುದಿಲ್ಲ. ಅಮ್ಮ ಕಾಯಿಸಿ ಕೊಟ್ಟ ತುಪ್ಪದ ಡಬ್ಬಿಯನ್ನು ನಾನು ಹಾಗೇ ಕಳೆದುಕೊಂಡೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆ ಜಾಗದಲ್ಲಿ ಒಣ ಮುರುಗಲು ಸಿಪ್ಪೆ, ಮನೆಯ ಸಾರಿನ ಪುಡಿ ಇಡಿ.

ನಮಗೆ ಕಾಯಿ ಇಲ್ಲದೆ ಅಡುಗೆಯೇ ಇಲ್ಲ, ಅಲ್ವಾ? ಅಲ್ಲಿ ಇಡೀ ತೆಂಗಿನಕಾಯಿ ಕೊಂಡರೆ ದುಡ್ಡೂ ಜಾಸ್ತಿ, ಎಷ್ಟೋ ಸಲ ಒಳಗೆ ಕೊಳೆತಿರುತ್ತದೆ. ತುರಿದು ಫ್ರೀಜರಿನಲ್ಲಿಟ್ಟ ಕಾಯಿಯ ಪ್ಯಾಕೆಟ್ ತನ್ನಿ. ಬೇಕಾದಷ್ಟು ಮುರಿದುಕೊಂಡು ಉಳಿದದ್ದನ್ನು ವಾಪಸ್ ಇಡಬಹುದು.

ಕಾರವಾರ, ಅಂಕೋಲಾ ಕಡೆಯವರು ಮೀನಂಗಡಿಯಲ್ಲಿ ಮ್ಯಾಕೆರೆಲ್ ಕೇಳಿ. ನಮ್ಮ ಬಂಗಡೆಯ ಬಳಗದ್ದೇ, ಎಣ್ಣೆ ಅಂಶ ಸ್ವಲ್ಪ ಜಾಸ್ತಿ. ಸಾಲ್ಮನ್‌ಗಿಂತ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ.

ಹಾಲು, ಮೊಸರು, ತರಕಾರಿಗೆ ಆಲ್ಡಿ, ಲಿಡ್ಲ್ ಎಂಬ ಅಗ್ಗದ ಸೂಪರ್‌ಮಾರ್ಕೆಟ್‌ಗಳೇ ಸಾಕು. ದೊಡ್ಡ ಅಂಗಡಿಗಳಲ್ಲಿ ಸಂಜೆ ಹೋದರೆ ಅವತ್ತೇ ಮುಗಿಸಬೇಕಾದ ಸಾಮಾನಿಗೆ ಹಳದಿ ಚೀಟಿ ಹಚ್ಚಿ ಬೆಲೆ ಇಳಿಸಿರುತ್ತಾರೆ. ಒಂದು ಮಾತು ನೆನಪಿಡಿ: 'ಯೂಸ್ ಬೈ' ದಿನ ದಾಟಿದ್ದನ್ನು ತಿನ್ನಬೇಡಿ. 'ಬೆಸ್ಟ್ ಬಿಫೋರ್' ಅಂದರೆ ರುಚಿಯ ಲೆಕ್ಕ ಅಷ್ಟೇ. ಇದು ಗೊತ್ತಿಲ್ಲದೆ ಮೊದಲ ವರ್ಷ ನಾನು ಎಷ್ಟು ಬೇಳೆ, ಬಿಸ್ಕತ್ತು ಸುಮ್ನೆ ಕಸಕ್ಕೆ ಹಾಕಿದೆನೋ. ನೀರಿನ ಬಾಟಲಿ ಕೊಳ್ಳುವುದೂ ದಂಡ, ನಲ್ಲಿ ನೀರೇ ಕುಡಿಯಬಹುದು.

ಪುಟ್ಟ ಮಕ್ಕಳಿದ್ದರೆ ಇನ್ನೊಂದು ಅನುಕೂಲವಿದೆ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್ (ಶಾಲೆಯ ಮೊಟ್ಟಮೊದಲ ತರಗತಿ), ಅದರ ನಂತರದ 'ಇಯರ್ 1', 'ಇಯರ್ 2' ತರಗತಿಗಳ ಮಕ್ಕಳಿಗೆಲ್ಲ ಮಧ್ಯಾಹ್ನದ ಊಟ ಉಚಿತ. 2014ರಿಂದ ಹೀಗಿದೆ. ಅಪ್ಪ-ಅಮ್ಮನ ಸಂಬಳ ಕೇಳುವುದಿಲ್ಲ. ನಾವು ಮಾಂಸ ತಿನ್ನುವುದಿಲ್ಲ ಎಂದು ಮೊದಲ ದಿನವೇ ಶಾಲೆಗೆ ತಿಳಿಸಿ.

"ಅಲ್ಲಿ ಅಪ್ಪೆಹುಳಿಗೆ ಮಾವಿನಕಾಯಿ ಸಿಗುತ್ತದಾ ಅಕ್ಕಾ?" ಎಂದಳು ಪಕ್ಕದ ಮನೆಯ ಹುಡುಗನ ಹೆಂಡತಿ. ಸಿಗುತ್ತದೆ, ಆದರೆ ಕೊಳ್ಳಬೇಕಿಲ್ಲ. ಅದರ ಬದಲು ಬ್ರಾಮ್ಲಿ ಅಂತ ಹುಳಿ ಸೇಬಿದೆ, ಅಲ್ಲಿಯವರು ಅದನ್ನು ಬೇಯಿಸಿಯೇ ತಿನ್ನುವುದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮರದ ಕೆಳಗೆ ರಾಶಿ ಬೀಳುತ್ತದೆ. ಎಷ್ಟೋ ಮನೆಯವರು 'ಬೇಕಾದವರು ಒಯ್ಯಿರಿ' ಎಂದು ಬರೆದು ಗೇಟಿನ ಹತ್ತಿರ ಬುಟ್ಟಿಯಲ್ಲಿಡುತ್ತಾರೆ. ನಾಚಿಕೆ ಬೇಡ, ಎರಡು ತನ್ನಿ. ಬೇಯಿಸಿದರೆ ಕೈಯಲ್ಲೇ ಕಿವುಚಬಹುದು, ಅಷ್ಟು ಮೆತ್ತಗಾಗುತ್ತದೆ. ನೀರು, ಉಪ್ಪು, ಚೂರು ಬೆಲ್ಲ ಹಾಕಿ. ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಡಿ. ಅನ್ನಕ್ಕೂ ಆಯಿತು, ಲೋಟದಲ್ಲಿ ಕುಡಿಯಲಿಕ್ಕೂ ಆಯಿತು.