ಕೆಟಿಎಂ ಮಾರಿದೆ, ಹೆಸರು ಬದಲಾಗುವವರೆಗೂ ಬೆನ್ನು ಬಿಡಲಿಲ್ಲ

ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ನನ್ನ ಸ್ಕೂಟರ್ ಮಾರಿದ್ದೆ. ದುಡ್ಡು ಬಂತು, ಫಾರಂಗಳಿಗೆ ಸಹಿ ಹಾಕಿ ಕೊಟ್ಟೆ, ಮರೆತುಬಿಟ್ಟೆ. ಕೊಂಡವನು ಹೆಸರು ಬದಲಾಯಿಸಲೇ ಇಲ್ಲ. ಅವನು ಸಿಗ್ನಲ್ ಹಾರಿದಾಗಲೆಲ್ಲ ಚಲನ್ ನನ್ನ ಮೊಬೈಲಿಗೆ. ಚಲನ್ ಹೋಗಲಿ, ಅಪಘಾತವೇ ಆಗಿದ್ದರೆ? ದಾಖಲೆಯಲ್ಲಿ ಹೆಸರಿದ್ದವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ನನ್ನ ಕೆಟಿಎಂ ಆರ್‌ಸಿ 390 ಬೈಕ್ ಮಾರುವಾಗ ಕಾಗದದ ಕೆಲಸದಿಂದಲೇ ಶುರು ಮಾಡಿದೆ.

ಸಾಲ ತೀರಿ ಎರಡು ವರ್ಷವಾಗಿತ್ತು. ಆದರೂ ದಾಖಲೆಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಸಾಲ ಮುಗಿದಿದೆ ಎನ್ನುವ ಫಾರಂ 35 ತಂದು ಅದನ್ನು ತೆಗೆಸಿದೆ. ಗಾಡಿಗಳ ದಾಖಲೆ ಇರುವ ಸರ್ಕಾರಿ ವೆಬ್‌ಸೈಟ್ ಪರಿವಾಹನ್‌ನಲ್ಲಿದ್ದ ಹಳೇ ಮೊಬೈಲ್ ನಂಬರನ್ನೂ ಬದಲಾಯಿಸಿದೆ. ಓಟಿಪಿ ಅಲ್ಲಿಗೇ ಬರುವುದು, ಅಲ್ವಾ?

ಗಾಡಿ ಇಲ್ಲೇ ಪುಣೆ ಹತ್ತಿರದ ಚಾಕಣ್‌ನಲ್ಲಿ ತಯಾರಾದದ್ದು. ತಾಮ್ಹಿಣಿ ಘಾಟಿನಲ್ಲಿ ಅದರ ಜೊತೆ ಕಳೆದ ಬೆಳಗುಗಳಿಗೆ ಲೆಕ್ಕವಿಲ್ಲ. ಜೋರು ಸದ್ದಿನ ಸೈಲೆನ್ಸರ್ ಬಿಚ್ಚಿ ಕಂಪನಿಯದ್ದನ್ನೇ ಹಾಕಿಸಿದೆ. ಹೊರಗಿನದಿದ್ದರೆ ಪೊಲೀಸರು ಹಿಡಿಯುತ್ತಾರೆ, ಕೊಳ್ಳುವವರಿಗೂ ಅನುಮಾನ ಬರುತ್ತದೆ. ಎಡಗಡೆ ಫೇರಿಂಗ್ (ಬೈಕಿನ ಹೊರ ಹೊದಿಕೆ) ಮೇಲೆ ಒಂದು ಗೀರು ಇತ್ತು. ಜಾಹೀರಾತಿನಲ್ಲಿ ಅದರ ಫೋಟೋವನ್ನೇ ಮೊದಲು ಹಾಕಿದೆ. ಟೈರ್ ತಯಾರಾದ ವಾರವನ್ನೂ ಬರೆದೆ: ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2321 ಅಂದರೆ 2021ರ 23ನೇ ವಾರ.

ಫೋನುಗಳು ಬಂದವು. ಒಬ್ಬ ತಾನು ಸೈನಿಕ, ಬೇರೆ ಊರಿಗೆ ವರ್ಗ ಆಗಿದೆ, ಮುಂಗಡ ಕಳಿಸುತ್ತೇನೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂದ. ದುಡ್ಡು ಪಡೆಯಲು ಯಾರೂ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕಿಲ್ಲ. ಫೋನ್ ಇಟ್ಟೆ. ಬೆಳಗಾವಿಯವರೊಬ್ಬರಿಗೆ ನಿಜಕ್ಕೂ ಆಸೆಯಿತ್ತು. ಆದರೆ ರಾಜ್ಯ ದಾಟಿದರೆ ಇಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಕರ್ನಾಟಕದ ರಸ್ತೆ ತೆರಿಗೆ ಬೇರೆ ಕಟ್ಟಬೇಕು. ಲೆಕ್ಕ ಹೇಳಿದೆ, ಅವರೇ ಬೇಡವೆಂದರು.

ಕೊನೆಗೆ ಬಂದದ್ದು ಪುಣೆಯ ಹಿಂಜೇವಾಡಿಯಲ್ಲಿ ಕೆಲಸ ಮಾಡುವ ಹುಡುಗ, ಜೊತೆಗೆ ವಿಜಯಪುರದಿಂದ ಬಂದಿದ್ದ ಅವನ ಅಪ್ಪ. ನಾನು ಬೆಳಗ್ಗಿನಿಂದ ಎಂಜಿನ್ ಮುಟ್ಟಿರಲಿಲ್ಲ. ತಣ್ಣಗಿರುವಾಗ ಹೇಗೆ ಶುರುವಾಗುತ್ತದೆ ಎಂದು ಅವರು ನೋಡಬೇಕು. ಮೊದಲೇ ಬಿಸಿ ಮಾಡಿಟ್ಟರೆ ಏನೋ ಮುಚ್ಚಿಡುತ್ತಿದ್ದೇನೆ ಅಂತಲೇ ಅರ್ಥ. ಓಡಿಸಿ ನೋಡಲು ಕೊಡುವ ಮುಂಚೆ ಹುಡುಗನ ಲೈಸೆನ್ಸ್ ನೋಡಿದೆ, ಅವನ ಗಾಡಿಯ ಕೀಲಿ ನನ್ನ ಕೈಯಲ್ಲಿಟ್ಟುಕೊಂಡೆ, ಹೆಲ್ಮೆಟ್ ಹಾಕಿಸಿದೆ. ಅಪ್ಪ ನನ್ನ ಪಕ್ಕ ನಿಂತು ಕೇಳಿದರು: "ಸರ್, ಗಾಡಿ ಚಲೋ ಐತ್ರಿ. ಆದ್ರ ನಮ್ಮ ಹುಡುಗಗ ಇಷ್ಟು ಜೋರಿಂದು ಬೇಕೇನ್ರಿ?"

ಮಾರುವ ಆತುರದಲ್ಲಿ ಸುಮ್ನೆ ಏನೋ ಹೇಳಬಹುದಿತ್ತು. ಮನಸ್ಸು ಒಪ್ಪಲಿಲ್ಲ. "ನೂರೈವತ್ತು ಸಿಸಿ ಓಡಿಸಿದವನಿಗೆ ಇದು ತುಂಬಾ ಜಾಸ್ತಿ ಅನಿಸುತ್ತೆ, ಕಾಕಾ. ಮೊದಲ ಎರಡು ತಿಂಗಳು ಮಳೆಯಲ್ಲಿ, ಘಾಟಿನಲ್ಲಿ ಓಡಿಸಬಾರದು" ಅಂದೆ. ಹುಡುಗ ವಾಪಸ್ ಬಂದಾಗ ಅವನಿಗೂ ಅದನ್ನೇ ಹೇಳಿದೆ. ಬೇಡ ಅನ್ನುತ್ತಾರೇನೋ ಅಂದುಕೊಂಡಿದ್ದೆ. ಅಪ್ಪ ಮಾತಿಗೆ ಕೂತರು. 1,65,000 ಹೇಳಿದ್ದೆ, 1,52,000ಕ್ಕೆ ಮುಗಿಯಿತು.

ದುಡ್ಡು ಪೂರ್ತಿ ಬ್ಯಾಂಕಿನಿಂದ ಬ್ಯಾಂಕಿಗೆ. ಖಾತೆಯಲ್ಲಿ ನಾನೇ ನೋಡಿದ ಮೇಲೆ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ. ಯಾವ ಜಾಗವನ್ನೂ ಖಾಲಿ ಬಿಡಲಿಲ್ಲ, ಕೊಳ್ಳುವವನ ಹೆಸರು, ವಿಳಾಸ ನನ್ನೆದುರೇ ತುಂಬಿಸಿದೆ. ಗಾಡಿ ಕೊಟ್ಟ ಚೀಟಿಯಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಿದೆವು. ಅವತ್ತು ಸಂಜೆ ಸಿಕ್ಕಿಬಿದ್ದರೆ ಯಾರ ಚಲನ್ ಎಂಬ ಪ್ರಶ್ನೆಯೇ ಇರಬಾರದು. ಹೆಸರು ಬದಲಾವಣೆಯ ಅರ್ಜಿಯನ್ನು ನಮ್ಮ ಮನೆಯ ಮೇಜಿನ ಮುಂದೆ ಕೂತೇ ಪರಿವಾಹನ್‌ನಲ್ಲಿ ಹಾಕಿದೆವು.

ಆಮೇಲೆ ದಿನಾ ಪರಿವಾಹನ್ ನೋಡುತ್ತಿದ್ದೆ. ಹನ್ನೆರಡನೇ ದಿನ ಹುಡುಗನ ಹೆಸರು ಬಂತು. ವಿಮೆ ಕಂಪನಿಗೆ ಬರೆದು ನನ್ನ ನೋ ಕ್ಲೇಮ್ ಬೋನಸ್‌ನ (ಪರಿಹಾರ ಕೇಳದೇ ಇದ್ದುದಕ್ಕೆ ಸಿಗುವ ರಿಯಾಯಿತಿ) ಪತ್ರ ತರಿಸಿಕೊಂಡೆ, ಮುಂದಿನ ಗಾಡಿಗೆ ಮೂರು ವರ್ಷದೊಳಗೆ ಬಳಸಬಹುದು. ಹುಡುಗನಿಗೆ ಫೋನ್ ಮಾಡಿ ಹೆಸರು ಬದಲಾಗಿದೆ ಅಂದೆ. ಅವನು, "ಗೊತ್ತಾತ್ರಿ ಅಣ್ಣಾ, ಇನ್ನೂ ಘಾಟಿಗೆ ಹೋಗಿಲ್ಲ" ಅಂದ.