ಎಲ್ಲ ದುಡ್ಡೂ ಒಂದೇ ಖಾತೆಯಲ್ಲಿದ್ದಾಗ

ಹಲವು ವರ್ಷ ನನಗೆ ಇದ್ದದ್ದು ಒಂದೇ ಬ್ಯಾಂಕ್ ಖಾತೆ. ಸಂಬಳ ಅದಕ್ಕೇ ಬರುತ್ತಿತ್ತು, ಬಾಡಿಗೆ ಅದರಿಂದಲೇ ಹೋಗುತ್ತಿತ್ತು. ಫೋನಿನ ಪೇಮೆಂಟ್ ಆ್ಯಪ್ ಕೂಡ ಅದಕ್ಕೇ ಜೋಡಿಸಿತ್ತು. ತಿಂಗಳ ಕೊನೆಗೆ ಏನು ಮಿಕ್ಕುತ್ತೋ ಅದನ್ನೇ ಉಳಿತಾಯ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಫೋನ್ ಬಂತು. ಬ್ಯಾಂಕಿನವರು ಅಂದರು. ದನಿ ತುಂಬಾ ಮರ್ಯಾದೆಯದು. ‘ಸರ್, ನಿಮ್ಮ ಖಾತೆಯಿಂದ ಯಾರೋ ದುಡ್ಡು ತೆಗೀತಾ ಇದ್ದಾರೆ. ಫೋನ್ ಇಡಬೇಡಿ, ನಾನು ಈಗಲೇ ತಡೀತೀನಿ’ ಅಂದ ಆತ. ಒಂದು ಆ್ಯಪ್ ಹಾಕಿಕೊಳ್ಳಲು ಹೇಳಿದ. ಹಾಕಿಕೊಂಡೆ. ಅದರಲ್ಲಿ ಬಂದ ನಂಬರ್ ಹೇಳಿದೆ. ಅಲ್ಲಿಂದ ನನ್ನ ಫೋನಿನ ಪರದೆ ಅವನಿಗೂ ಕಾಣುತ್ತಿತ್ತು. ಬ್ಯಾಂಕ್ ಆ್ಯಪ್ ತೆರೆಸಿದ. ಒಟಿಪಿ ಬಂತು. ನಾನು ಬಾಯಿಬಿಟ್ಟು ಹೇಳಲೇ ಇಲ್ಲ. ಅವನು ಓದಿಕೊಂಡ.

ಎರಡನೇ ಒಟಿಪಿ ಬಂದಾಗ ನನ್ನ ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ‘ರೀ, ಅದರಲ್ಲಿ ದುಡ್ಡು ಹೋಗುತ್ತೆ ಅಂತ ಬರೆದಿದೆ ನೋಡಿ’ ಅಂದಳು. ತಕ್ಷಣ ಫೋನ್ ಸ್ವಿಚ್ ಆಫ್ ಮಾಡಿದೆ. ಅವಳ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ಬ್ಲಾಕ್ ಮಾಡಿಸಿದೆ. ಆಮೇಲೆ ಪೊಲೀಸರಿಗೆ ದೂರು ಕೊಟ್ಟೆ. ಎರಡನೇ ಸಲದ್ದು ಉಳಿಯಿತು, ಮೊದಲನೆಯದು ವಾಪಸ್ ಬರಲಿಲ್ಲ.

ಆ ರಾತ್ರಿ ಮೆಸೇಜ್‌ಗಳನ್ನು ಮತ್ತೆ ಓದಿದೆ. ಎಷ್ಟು ದುಡ್ಡು, ಯಾರ ಹೆಸರಿಗೆ, ಯಾರಿಗೂ ಹೇಳಬೇಡಿ ಅನ್ನುವುದು, ಎಲ್ಲವೂ ಅಲ್ಲೇ ಇತ್ತು. ನಾನು ನೋಡಿದ್ದು ಆರು ಅಂಕಿ ಮಾತ್ರ. ಈಗ ಎಷ್ಟೇ ಅವಸರವಿದ್ದರೂ ಮೊದಲು ಅಕ್ಷರ ಓದುತ್ತೇನೆ, ಆಮೇಲೆ ಅಂಕಿ. ಬ್ಯಾಂಕಿನ ಹೆಸರಲ್ಲಿ ಯಾರೇ ಫೋನ್ ಮಾಡಲಿ, ಇಟ್ಟುಬಿಡುತ್ತೇನೆ. ಕಾರ್ಡಿನ ಹಿಂದೆ ಇರುವ ನಂಬರಿಗೆ ನಾನೇ ಕರೆ ಮಾಡಿ ಕೇಳುತ್ತೇನೆ. ‘ಫೋನ್ ಇಡಬೇಡಿ’ ಅಂದರೇ ಸಾಕು, ಅದು ಮೋಸ ಅಂತ ನನಗೆ ಖಾತ್ರಿ.

ಆ ವಾರವೇ ದುಡ್ಡನ್ನು ಮೂರು ಖಾತೆಗೆ ಹಂಚಿದೆ. ಒಂದು ಸಂಬಳ ಬರುವುದಕ್ಕೆ. ಬಾಡಿಗೆ, ವಿಮೆಯ ಕಂತು ಅದರಿಂದ ಹೋಗುತ್ತವೆ, ಅಷ್ಟೇ. ಎರಡನೆಯದು ದಿನದ ಖರ್ಚಿಗೆ. ಫೋನಿನ ಪೇಮೆಂಟ್ ಆ್ಯಪ್ ಇದಕ್ಕೆ ಮಾತ್ರ ಜೋಡಿಸಿದೆ. ಪ್ರತಿ ಸೋಮವಾರ ಒಂದು ವಾರಕ್ಕೆ ಬೇಕಾದಷ್ಟು ಹಾಕುತ್ತೇನೆ. ಯಾರಾದರೂ ಕೈ ಹಾಕಿದರೂ ಹೋಗುವುದು ಆ ವಾರದ ದುಡ್ಡು ಮಾತ್ರ, ಅಲ್ವಾ? ಮೂರನೆಯದು ಬೇರೆಯೇ ಬ್ಯಾಂಕಿನಲ್ಲಿ, ಆಪತ್ತಿಗೆ. ಅದಕ್ಕೆ ಕಾರ್ಡಿಲ್ಲ, ಫೋನಿನಲ್ಲಿ ಆ್ಯಪ್ ಇಲ್ಲ. ಸಂಬಳ ಬಂದ ಮರುದಿನವೇ ಒಂದು ಪಾಲು ತಾನಾಗಿ ಅಲ್ಲಿಗೆ ಹೋಗುವ ಹಾಗೆ ಮಾಡಿದ್ದೇನೆ.

ಆಪತ್ತಿಗೆ ಎಷ್ಟು ಬೇಕು? ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಕೆಲಸ ಹೋದರೂ ನಿಲ್ಲದ ಖರ್ಚಿಗೆಲ್ಲ ಗೆರೆ ಎಳೆದೆ. ಬಾಡಿಗೆ, ಊಟ, ಔಷಧಿ, ಫೀಸು, ಸಾಲದ ಕಂತು. ಅದನ್ನು ಕೂಡಿಸಿ ಮೂರರಿಂದ ಭಾಗಿಸಿ, ಆರರಿಂದ ಗುಣಿಸಿದೆ. ಅಷ್ಟು ತುಂಬಲು ಎರಡು ವರ್ಷ ಹಿಡಿಯಿತು.

ಅದಕ್ಕೂ ಮುಂಚೆ ಕ್ರೆಡಿಟ್ ಕಾರ್ಡಿನ ಸಾಲ ಇತ್ತು. ಬಿಲ್ಲಿನಲ್ಲಿ ಇರುವ ‘ಕನಿಷ್ಠ ಮೊತ್ತ’ ಕಟ್ಟುತ್ತಾ ಸುಮ್ನೆ ಇದ್ದೆ. ಒಂದು ದಿನ ಲೆಕ್ಕ ಹಾಕಿದೆ. ಬಡ್ಡಿ ತಿಂಗಳಿಗೆ ಶೇ. 3. ಕನಿಷ್ಠ ಮೊತ್ತ ಶೇ. 5. ಅಂದರೆ 100 ಸಾಲವಿದ್ದರೆ ನಾನು ಕಟ್ಟುವ 5ರಲ್ಲಿ 3 ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು ಬರೀ 2. ತಿಂಗಳಿಗೆ 3 ಅಂದರೆ ಕಮ್ಮಿ ಅನಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿದರೆ ವರ್ಷಕ್ಕೆ ಶೇ. 42 ದಾಟುತ್ತದೆ. ಹಳೇ ಬಾಕಿ ಇರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ. ಇದು ಗೊತ್ತಾದ ಮೇಲೆ ಕಾರ್ಡನ್ನು ಬೀರುವಿನಲ್ಲಿಟ್ಟೆ.

ಮೊದಲು ಸಾಲ ಪೂರ್ತಿ ತೀರಿಸು, ಆಮೇಲೆ ಕೂಡಿಡು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ತಿಂಗಳ ಖರ್ಚಿನಷ್ಟು ಮೊದಲು ಪಕ್ಕಕ್ಕಿಟ್ಟೆ. ಆಮೇಲೇ ಸಾಲಕ್ಕೆ ಕೈ ಹಾಕಿದ್ದು. ನಡುವೆ ಹಲ್ಲಿನ ಚಿಕಿತ್ಸೆ ಬಂತು. ಆ ದುಡ್ಡು ಇಲ್ಲದಿದ್ದರೆ ಅದೂ ಕಾರ್ಡಿನ ಮೇಲೇ ಬೀಳುತ್ತಿತ್ತು.

ಖಾತೆಗಳನ್ನು ಭದ್ರ ಮಾಡುವ ವಿಷಯದಲ್ಲಿ ಇಮೇಲ್‌ಗೆ ಎಲ್ಲಕ್ಕಿಂತ ಜಾಸ್ತಿ ಗಮನ ಕೊಟ್ಟೆ. ಎಷ್ಟೋ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ ತಾನೆ? ಅದಕ್ಕೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಟ್ಟೆ. ಪಾಸ್‌ವರ್ಡ್ ಆದ ಮೇಲೆ ಕೇಳುವ ಎರಡನೇ ಹಂತದ ಕೋಡ್ ಮೆಸೇಜಿನಲ್ಲಿ ಬರದೆ, ಅದಕ್ಕೆಂದೇ ಇರುವ ಆ್ಯಪ್‌ನಲ್ಲಿ ಬರುವ ಹಾಗೆ ಮಾಡಿದೆ. ನಮ್ಮ ನಂಬರಿನಲ್ಲಿ ಬೇರೆ ಸಿಮ್ ಪಡೆದು ಮೋಸ ಮಾಡುವವರೂ ಇದ್ದಾರೆ, ಆಗ ಮೆಸೇಜ್ ಅವರಿಗೇ ಹೋಗುತ್ತದೆ. ದಿನಕ್ಕೆ ಇಷ್ಟೇ ಕಳಿಸಬಹುದು ಅನ್ನುವ ಮಿತಿಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಇಳಿಸಿದೆ. ದೊಡ್ಡದೇನಾದರೂ ಕಟ್ಟಬೇಕಾದ ದಿನ ಏರಿಸಿ, ಮತ್ತೆ ಇಳಿಸುತ್ತೇನೆ.

ಇಷ್ಟೆಲ್ಲಾ ಆದ ಮೇಲೆ ಹೆಂಡತಿ ಕೇಳಿದಳು: ‘ಎಲ್ಲಾ ನಿಮ್ಮ ತಲೆಯಲ್ಲೇ ಇದ್ದರೆ, ನಾಳೆ ನಾನೇನು ಮಾಡಲಿ?’ ಅವಳು ಕೇಳಿದ್ದು ಸರಿಯಾಗಿತ್ತು. ಒಂದು ಫೈಲ್ ಮಾಡಿದೆ. ಯಾವ ಖಾತೆ ಎಲ್ಲಿದೆ, ವಿಮೆಯ ಪಾಲಿಸಿ ನಂಬರ್ ಏನು, ಯಾರಿಗೆ ಎಷ್ಟು ಕೊಡಬೇಕು, ಎಲ್ಲ ಬರೆದೆ. ಪಾಸ್‌ವರ್ಡ್ ಮಾತ್ರ ಬರೆಯಲಿಲ್ಲ. ಬರೆಯುತ್ತಾ ಹೋದಾಗಲೇ ಕಂಡಿದ್ದು, ಮದುವೆಗೆ ಮುಂಚೆ ತೆರೆದ ಖಾತೆಯಲ್ಲಿ ನಾಮಿನಿ ಜಾಗ ಖಾಲಿ ಇತ್ತು. ಮರುದಿನವೇ ಹೋಗಿ ಅವಳ ಹೆಸರು ಸೇರಿಸಿದೆ.

ಆಮೇಲೆ ಒಂದು ಪರೀಕ್ಷೆ ಮಾಡಿದೆವು. ನಾನು ಸುಮ್ನೆ ಕೂರಬೇಕು, ಅವಳು ಆ ಫೈಲಿನಿಂದಲೇ ವಿಮೆಯ ಕಾಗದ ಹುಡುಕಿ, ಕ್ಲೇಮಿಗೆ ಎಲ್ಲಿ ಫೋನ್ ಮಾಡಬೇಕು ಅಂತ ಹೇಳಬೇಕು. ನಲವತ್ತು ನಿಮಿಷ ಆಯಿತು. ಹಾಳೆಗಳನ್ನೆಲ್ಲ ತೆಗೆದು, ಅವಳಿಗೆ ಅನುಕೂಲವಾಗುವ ಕ್ರಮದಲ್ಲಿ ಅವಳೇ ಜೋಡಿಸಿದಳು. ಮುಂದಿನ ತಿಂಗಳು ಮತ್ತೆ ಮಾಡಿದಾಗ ಐದೇ ನಿಮಿಷ ಸಾಕಾಯಿತು.